ಅಮ್ಮನ ಜೊತೆ ಡಿಸ್ನಿ ವರ್ಲ್ಡ್: ಮೊದಲು ಕೂರುವ ಜಾಗ, ಆಮೇಲೆ ರೈಡು

ಊರಿಂದ ಬಂದ ಅಮ್ಮನನ್ನು ಅಮೆರಿಕದ ಆರ್ಲ್ಯಾಂಡೋದ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವಾಗ ನಾನು ರೈಡುಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ತಂಪಾಗಿ ಕೂರುವ ಜಾಗ ಎಲ್ಲೆಲ್ಲಿದೆ ಎಂದು ಗುರುತು ಮಾಡಿಕೊಂಡು, ಅದರ ಸುತ್ತ ದಿನ ಕಟ್ಟುತ್ತೇನೆ. ಮಂಡಿನೋವಿನವರನ್ನು ಅಲ್ಲಿ ಹಣ್ಣು ಮಾಡುವುದು ನಡಿಗೆ ಮತ್ತು ಸೆಖೆ. ಅಲ್ಲಿನ ನಾಲ್ಕು ಪಾರ್ಕುಗಳಲ್ಲೊಂದಾದ ಎಪ್ಕಾಟ್‌ನಲ್ಲಿ ಕೆರೆ ಸುತ್ತ 11 ದೇಶಗಳ ಮಂಟಪಗಳನ್ನು ನೋಡುವ ದಾರಿಯೊಂದೇ ಹೆಚ್ಚುಕಮ್ಮಿ 2 ಕಿ.ಮೀ.

ಆಯ್ಕೆ ಇದ್ದರೆ ಜನವರಿ ಕೊನೆ, ಫೆಬ್ರವರಿ ಮೊದಲ ವಾರ. ಮಕ್ಕಳ ರಜೆಗೆಂದು ಜೂನ್-ಜುಲೈಯಲ್ಲೇ ಹೋಗಬೇಕಾದರೆ ಮಧ್ಯಾಹ್ನ 12ರಿಂದ 4 ಸೂರಿನ ಕೆಳಗೆ ಇರಬೇಕು. ಆ ಹೊತ್ತಿಗೇ ಗುಡುಗು-ಮಳೆ ಬರುವುದು, ಹೊರಗಿನ ರೈಡು ನಿಲ್ಲುವುದು. ಒಂದು ದಿನ ಪಾರ್ಕು, ಮರುದಿನ ವಿಶ್ರಾಂತಿ.

ಗಾಲಿಕುರ್ಚಿ ಗೇಟಿನ ಬಳಿ ಬಾಡಿಗೆಗೆ ಸಿಗುತ್ತದೆ, ಆದರೆ ಅದನ್ನು ಪಾರ್ಕಿಂಗ್‌ವರೆಗೆ ತರುವಂತಿಲ್ಲ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಂತೂ ಕಾರು ನಿಲ್ಲಿಸಿ, ಮಾನೋರೈಲಿನಲ್ಲೋ ಫೆರ್ರಿ ದೋಣಿಯಲ್ಲೋ ಕೆರೆ ದಾಟಿ ಗೇಟು ಸೇರಬೇಕು. ಅದಕ್ಕೇ ಮಡಚುವ ಕುರ್ಚಿ ಕಾರಿನಲ್ಲೇ ಇರಲಿ. "ನನಗೇನಾಗಿದೆ, ನಡೀತೀನಿ" ಎನ್ನುವವರ ಜೊತೆ ವಾದ ಬೇಡ. ಬೆಳಿಗ್ಗೆ ಊಟದ ಬ್ಯಾಗು ಕುರ್ಚಿಯ ಮೇಲಿಟ್ಟು ತಳ್ಳುತ್ತಾ ಹೋಗಿ. ಕಾಲು ಸೋತಾಗ ಅವರೇ ಕೂರುತ್ತಾರೆ. ಮಾನೋರೈಲಿನ ರ‍್ಯಾಂಪು ಏರು ಜಾಸ್ತಿ, ಫೆರ್ರಿಯ ಕೆಳ ಅಂತಸ್ತಿಗೆ ನೇರವಾಗಿ ತಳ್ಳಿಕೊಂಡು ಹೋಗಬಹುದು. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ. ಏಳುವ ಮೊದಲು ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಿ. ಪಟ್ಟಿಯ ಮೇಲೆ ಭಾರ ಬಿಟ್ಟು ಎದ್ದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಸೀರೆಯ ಸೆರಗು ಗಾಲಿಗೆ ಸಿಕ್ಕುತ್ತದೆ, ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಚೂಡಿದಾರಕ್ಕೆ ಒಪ್ಪಿದರೆ ಇನ್ನೂ ನೆಮ್ಮದಿ.

ವಯಸ್ಸಾಗಿದೆ ಎಂದು ಸಾಲು ತಪ್ಪುವುದಿಲ್ಲ. ಸಾಲಿನಲ್ಲಿ ನಿಲ್ಲದೆ ಬೇರೆಡೆ ಕಾದು ರೈಡಿಗೆ ಹೋಗಲು ಬಿಡುವ ಡಿಎಎಸ್ ಸೌಲಭ್ಯವನ್ನು 2024ರಲ್ಲಿ ಬಿಗಿ ಮಾಡಿ, ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಮೀಸಲಿಟ್ಟಿದ್ದಾರೆ.

ರೈಡಿನಲ್ಲಿ ವೇಗಕ್ಕಿಂತ ಹತ್ತುವ ರೀತಿ ನೋಡಬೇಕು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಎತ್ತರದ ಹಳಿಯ ಮೇಲೆ ಸಾಗುವ ಪುಟ್ಟ ರೈಲು ಪೀಪಲ್‌ಮೂವರ್ ಸವಾರಿ ಬಲು ಮೆತ್ತಗೆ, ಆದರೆ ಮೇಲೇರಲು ಚಲಿಸುವ ಇಳಿಜಾರಿನ ಬೆಲ್ಟು, ಹತ್ತುವಾಗಲೂ ಕಾಲ ಕೆಳಗೆ ಬೆಲ್ಟು. ತೂಕ ತಪ್ಪುವವರಿಗೆ ಅದು ಬೇಡ. ಇಟ್ಸ್ ಎ ಸ್ಮಾಲ್ ವರ್ಲ್ಡ್‌ನಲ್ಲಿ ಕುರ್ಚಿ ಸಮೇತ ಹೋಗುವ ದೋಣಿ ಇದೆ, ಮೊದಲೇ ಕೇಳಿ. ಸುತ್ತುವ ರಂಗಮಂದಿರದ ಪ್ರದರ್ಶನ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಎಸಿಯೊಳಗೆ 20 ನಿಮಿಷ ಕೂರಿಸುತ್ತದೆ. ತೋಟ-ಗದ್ದೆ ಮಾಡಿದವರಿಗೆ ನನ್ನ ಮೊದಲ ಆಯ್ಕೆ ಎಪ್ಕಾಟ್‌ನ ಲಿವಿಂಗ್ ವಿತ್ ದ ಲ್ಯಾಂಡ್: ದೋಣಿಯಲ್ಲಿ ಕೂತು ಗಾಜಿನಮನೆಯೊಳಗೆ ಬಾಳೆ, ಮರದಂತೆ ಬೆಳೆಸಿದ ಬದನೆ, ನೇತಾಡುವ ಕುಂಬಳ ನೋಡುತ್ತಾ ಸಾಗುವುದು. ಅನಿಮಲ್ ಕಿಂಗ್‌ಡಮ್ ಪಾರ್ಕಿನ ಕಿಲಿಮಂಜಾರೊ ಸಫಾರಿಯಲ್ಲಿ ಗಾಡಿ ಕುಲುಕುತ್ತದೆ, ಬೆನ್ನುನೋವಿದ್ದರೆ ಬಿಟ್ಟುಬಿಡಿ.

ಮನೆ ಊಟ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮತ್ತು ಬಿಡಿ ಐಸ್ ಬಿಡುವುದಿಲ್ಲ; ಐಸ್‌ಪ್ಯಾಕ್ ಇಡಿ. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ, ಹೆಪ್ಪಿನಷ್ಟೇ ಮೊಸರು ಸೇರಿಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ. ಊಟದ ಕೌಂಟರುಗಳಲ್ಲಿ ತಣ್ಣೀರು ಪುಕ್ಕಟೆ. ಇನ್ಸುಲಿನ್ ಇದ್ದರೆ ಫಸ್ಟ್ ಏಡ್ ಕೇಂದ್ರದ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತಾರೆ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಅದನ್ನು ಯಾವ ಹೊತ್ತಿಗೆ ನುಂಗಬೇಕೆಂದು ಡಾಕ್ಟರನ್ನು ಮೊದಲೇ ಕೇಳಬೇಕು. ಬಾತ್‌ರೂಮಿಗೆ ಓಡಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟರೆ ಬಿಸಿಲಿಗೆ ತಲೆಸುತ್ತು ಖಂಡಿತ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ರಾತ್ರಿ ಪಟಾಕಿ ಮುಗಿದೊಡನೆ ಜನ ಒಮ್ಮೆಲೇ ಫೆರ್ರಿಗೆ ನುಗ್ಗುತ್ತಾರೆ. ಪಟಾಕಿ ಶುರುವಾಗುವ ಅರ್ಧ ಗಂಟೆ ಮೊದಲೇ ಈಚೆ ದಡಕ್ಕೆ ಬಂದು ಕುರ್ಚಿ ನಿಲ್ಲಿಸಿ. ಪಟಾಕಿ ಕೆರೆಯಾಚೆ ಚೆನ್ನಾಗಿ ಕಾಣುತ್ತದೆ, ಕಾರೂ ಇದೇ ದಡದಲ್ಲಿರುತ್ತದೆ.