ಸಮ್ಮೇಳನಕ್ಕೆ ಜೊತೆಯಾಗಿ ಬಂದವರನ್ನು ಸುತ್ತಾಡಿಸಿದ ನನ್ನ ಅನುಭವ

ಸಮ್ಮೇಳನದ ಕೆಲಸ ಹಂಚಿಕೊಳ್ಳುವಾಗ ಯಾರೂ ಕೈ ಎತ್ತದ ಕೆಲಸ ಒಂದಿರುತ್ತದೆ. ಪ್ರತಿನಿಧಿಗಳ ಜೊತೆ ಬರುವ ಗಂಡ, ಹೆಂಡತಿಯರನ್ನು ಊರು ತೋರಿಸಲು ಕರೆದುಕೊಂಡು ಹೋಗುವುದು. ನನ್ನ ಪಾಲಿಗೆ ಅದು ಬಂದದ್ದೂ ಹಾಗೇ. ಈಗ ಪ್ರತಿ ಸಲ ನಾನೇ ಕೇಳಿ ತಗೊಳ್ಳುತ್ತೇನೆ.

ಮೊದಲ ಸಲ ಒಂದೇ ದಿನಕ್ಕೆ ಐದು ಜಾಗ ಹಾಕಿದ್ದೆ. ಜಾಸ್ತಿ ತೋರಿಸಿದರೆ ಜಾಸ್ತಿ ಖುಷಿ ಅಂದುಕೊಂಡಿದ್ದೆ. ಮೂರನೇ ಜಾಗದಲ್ಲಿ ಒಬ್ಬ ಹಿರಿಯ ಹೆಂಗಸು ಸೀಟಿನಿಂದ ಏಳಲೇ ಇಲ್ಲ. ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಿದ್ದರು. "ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಅಂದರು. ನಾನೂ ಪಕ್ಕದಲ್ಲಿ ಕೂತೆ. "ಯಜಮಾನರ ಜೊತೆ ಎಷ್ಟೋ ಊರಿಗೆ ಹೋಗಿದ್ದೀನಿ. ಎಲ್ಲಾ ಬಸ್ಸಿನ ಕಿಟಕಿಯಿಂದ ನೋಡಿದ್ದೇ" ಅಂದರು. ದೂರಲಿಲ್ಲ, ಸುಮ್ನೆ ಹೇಳಿದರು. ಆ ಮಾತು ನನ್ನನ್ನು ತುಂಬಾ ದಿನ ಕಾಡಿತು.

ಅಲ್ಲಿಂದ ಮುಂದೆ ದಿನಕ್ಕೆ ಎರಡೇ ಜಾಗ. ಲೆಕ್ಕ ಹಾಕಿ ನೋಡಿ. ಬಸ್ಸಿನಲ್ಲಿ 40 ಜನ. ಇಳಿದ ಕೂಡಲೇ ಎಲ್ಲರಿಗೂ ಶೌಚಾಲಯ ಬೇಕು, ಅಲ್ಲಿರುವುದು ನಾಲ್ಕು. ತಲಾ ಎರಡು ನಿಮಿಷ ಅಂದರೂ 20 ನಿಮಿಷ ಹೋಯಿತು. ಇಳಿಯಲು, ಹತ್ತಲು, ತಲೆ ಎಣಿಸಲು ಇನ್ನೊಂದು 15. ಪಟ್ಟಿಯಲ್ಲಿ ಒಂದು ಗಂಟೆ ಅಂತ ಬರೆದ ಜಾಗವನ್ನು ನೋಡಲು ಸಿಗುವುದು 25 ನಿಮಿಷ. ಇದಕ್ಕೆ ಯಾರು ಬರ್ತಾರೆ? ಈಗ ಪ್ರತಿ ಜಾಗಕ್ಕೂ ಮೊದಲೇ ಒಮ್ಮೆ ಹೋಗಿ ಬರುತ್ತೇನೆ, ಅದೂ ಬಸ್ಸು ತಲುಪುವ ಹೊತ್ತಿಗೇ. ಮೆಟ್ಟಿಲು ಎಷ್ಟಿವೆ, ಬೆಂಚು ಎಲ್ಲಿದೆ, ನೆರಳು ಯಾವ ಕಡೆ ಬೀಳುತ್ತದೆ, ಬಸ್ಸು ಬಾಗಿಲ ಹತ್ತಿರ ನಿಲ್ಲಲು ಬಿಡ್ತಾರಾ ಅಂತ ನಾನೇ ನಡೆದು ನೋಡುತ್ತೇನೆ.

ಇನ್ನೊಂದು ಪೆಟ್ಟು ತಿಂದದ್ದು ಸೋಮವಾರದ ವಿಷಯದಲ್ಲಿ. ಸಮ್ಮೇಳನ ಶುರುವಾಗಿದ್ದು ಸೋಮವಾರ. ಎಷ್ಟೋ ಮ್ಯೂಸಿಯಂಗಳಿಗೆ ವಾರದ ರಜೆಯೂ ಅವತ್ತೇ. ಬಾಗಿಲು ಮುಚ್ಚಿದ ಕಟ್ಟಡದ ಮುಂದೆ ಎಲ್ಲರನ್ನೂ ಇಳಿಸಿದ್ದೆ. ಈಗ ಮೊದಲು ರಜೆಯ ದಿನ ನೋಡಿ, ಆಮೇಲೆ ಜಾಗ ಆರಿಸುತ್ತೇನೆ.

ನೋಂದಣಿ ಫಾರಂನಲ್ಲಿ ಜೊತೆಯವರ ಫೋನ್ ನಂಬರನ್ನೇ ಕೇಳಿ. ಪ್ರತಿನಿಧಿಯ ನಂಬರ್ ಇಟ್ಟುಕೊಂಡು ಪ್ರಯೋಜನವಿಲ್ಲ, ಅವರು ಸಭಾಂಗಣದಲ್ಲಿ ಫೋನ್ ಸೈಲೆಂಟ್ ಮಾಡಿ ಕೂತಿರುತ್ತಾರೆ. ಎಷ್ಟು ದೂರ ನಡೆಯಬಲ್ಲರು, ಮಕ್ಕಳು ಇದ್ದಾರಾ, ಯಾವ ಭಾಷೆ ಬರುತ್ತದೆ ಅಂತಲೂ ಕೇಳಿಬಿಡಿ. ಗೈಡ್ ಒಬ್ಬರಿಗೆ 20 ಜನಕ್ಕಿಂತ ಜಾಸ್ತಿ ಬೇಡ. 40 ಜನರ ಗುಂಪಿನಲ್ಲಿ ಹಿಂದೆ ನಿಂತವರಿಗೆ ಏನೂ ಕೇಳುವುದಿಲ್ಲ. ಇಬ್ಬರು ಗೈಡ್ ಇಟ್ಟು, ಒಂದು ಗುಂಪನ್ನು ಆ ತುದಿಯಿಂದ, ಇನ್ನೊಂದನ್ನು ಈ ತುದಿಯಿಂದ ಶುರು ಮಾಡಿಸುತ್ತೇನೆ. ಮಧ್ಯಾಹ್ನದ ಮೇಲೆ ಒಂದೂವರೆ ಗಂಟೆ ಯಾವ ಕಾರ್ಯಕ್ರಮವೂ ಇಲ್ಲ. ಬೇಕಾದವರು ಅಡ್ಡಾಡಲಿ, ಬೇಕಾದವರು ಕೂತು ಹರಟೆ ಹೊಡೆಯಲಿ. ಒಬ್ಬರಿಗೊಬ್ಬರು ಪರಿಚಯ ಆಗುವುದೇ ಆಗ. ಸಂಜೆ ಊಟದ ಕೂಟ ಇದ್ದರೆ ಅದಕ್ಕೆ ಎರಡು ಗಂಟೆ ಮೊದಲೇ ವಾಪಸ್ ಬಂದಿರಬೇಕು. ಸ್ನಾನ ಮಾಡಿ ಬಟ್ಟೆ ಬದಲಾಯಿಸಬೇಕು, ಅಲ್ವಾ?

ಎಲ್ಲಕ್ಕಿಂತ ದೊಡ್ಡ ತಪ್ಪು ನನಗೆ ತಡವಾಗಿ ಗೊತ್ತಾಯಿತು. ಒಮ್ಮೆ ಬಸ್ಸು ಹೊರಡುವ ಮೊದಲು ಒಬ್ಬರು ಬಂದು, "ಹನ್ನೊಂದಕ್ಕೆ ನನ್ನ ಹೆಂಡತಿ ಪ್ರಬಂಧ ಓದ್ತಾಳೆ. ಕೇಳಬೇಕು ಅಂತ ಇತ್ತು, ಆದರೆ ಈ ಪ್ರವಾಸಕ್ಕೆ ದುಡ್ಡು ಕಟ್ಟಿಬಿಟ್ಟಿದ್ದೀನಿ" ಅಂದರು. ನನಗೆ ಕೆಟ್ಟದೆನಿಸಿತು. ಜೊತೆಯವರಿಗೆ ಒಳಗೇನು ಕೆಲಸ ಅಂತ ನಾವೇ ತೀರ್ಮಾನ ಮಾಡಿದ್ದೆವು. ಅವತ್ತು ದುಡ್ಡು ವಾಪಸ್ ಕೊಡಿಸಿ, ಅವರಿಗೊಂದು ಪಾಸ್ ಮಾಡಿಸಿಕೊಟ್ಟೆ. ಈಗ ಯಾರ ಭಾಷಣ ಯಾವಾಗ ಅಂತ ಪಟ್ಟಿ ಬರುವ ತನಕ ಪ್ರವಾಸದ ದಿನ ಗೊತ್ತು ಮಾಡುವುದಿಲ್ಲ. ಕಳೆದ ಸಲ ಮೂವರು ಭಾಷಣ ಕೇಳಲು ಉಳಿದರು. ಬಸ್ಸನ್ನು ಮುಕ್ಕಾಲು ಗಂಟೆ ತಡವಾಗಿ ಹೊರಡಿಸಿದೆ. ಹಿಂದಿನ ಸಾಲಿನಿಂದ ಎದ್ದು ಓಡಿ ಬಂದವರಿಗೆ ಬಸ್ಸಿನಲ್ಲಿದ್ದವರೆಲ್ಲ ಕೇಳಿದ್ದು ಒಂದೇ: "ಹೇಗಾಯ್ತು? ಚೆನ್ನಾಗಿ ಮಾತಾಡಿದ್ರಾ?"