ಒಬ್ಬರೇ ತಲೆಯಲ್ಲಿ ಕೂತುಬಿಟ್ಟರೆ

ಪಿಯುಸಿ ಓದುವ ತಮ್ಮ ತಂಗಿಯರಿಗೆ ಒಂದು ಮಾತು. ಧಾರವಾಡದಲ್ಲಿದ್ದಾಗ ನನ್ನ ತಲೆಯಲ್ಲೂ ಒಬ್ಬ ಹುಡುಗಿ ಹೀಗೇ ಕೂತುಬಿಟ್ಟಿದ್ದಳು. ಅವಳು ಬರುವ ತನಕ ಎರಡೆರಡು ಚಿಗರಿ ಬಸ್ ಬಿಡುತ್ತಿದ್ದೆ. ಅವಳು ನೋಡಿದರೆ ಹಬ್ಬ, ನೋಡದಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೀಗೆ ಒಬ್ಬರ ಮೇಲೆ ಬಿಡದೆ ಕಾಡುವ ಮೋಹಕ್ಕೆ ಹೆಸರೂ ಇದೆ, ಲಿಮೆರೆನ್ಸ್. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನೊವ್ 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಅವರಿಗೂ ನಾನು ಇಷ್ಟ ಇರಬಹುದು ಅನ್ನುವ ಆಸೆ, ಇಲ್ಲವೇನೋ ಅನ್ನುವ ಅನುಮಾನ ಎರಡೂ ಸೇರಿದರೆ ಇದು ಬೆಳೆಯುತ್ತದೆ.

ಹಾಗಾಗಿ ಮೊದಲು ಅವರ ವಾಟ್ಸಾಪ್ ಸ್ಟೇಟಸ್ ಮ್ಯೂಟ್ ಮಾಡಿ. ಲಾಸ್ಟ್ ಸೀನ್ ನೋಡಿದಾಗೆಲ್ಲ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟ ಹಾಗೆ, ಅಲ್ವಾ? ನಾನು ಸಂಜೆ ಗೆಳೆಯನ ಜೊತೆ ಸಾಧನಕೇರಿ ಕಡೆ ಅಡ್ಡಾಡುತ್ತಿದ್ದೆ. ಅವಳ ಹೆಸರೆತ್ತಿದರೆ ನಾನೇ ಮಿರ್ಚಿ ಕೊಡಿಸಬೇಕು ಅಂತ ಕರಾರು. ಮೊದಲ ವಾರ ಜೇಬು ಖಾಲಿ!

ನಿದ್ದೆ, ಓದು ಜಾಸ್ತಿ ಕೆಟ್ಟಿದ್ದರೆ ಸುಮ್ನೆ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಅಂತೂ ಧಾರವಾಡದಲ್ಲೇ ಇದೆ.