ರಿಲೇ ಇದ್ದರಷ್ಟೇ ಸಾಲದು: ಫಾಗ್ ಲ್ಯಾಂಪ್ ವೈರಿಂಗ್ ನಾನು ಮಾಡುವ ಬಗೆ

ಕಾರಿಗೆ ಹೆಚ್ಚುವರಿ ಲ್ಯಾಂಪ್ ಅಥವಾ ಜೋಡಿ ಹಾರ್ನ್ ಹಾಕಿಸಿದವರು "ರಿಲೇ ಹಾಕಿಸಿದ್ದೇನೆ, ಇನ್ನೇನೂ ಭಯವಿಲ್ಲ" ಅನ್ನುವುದನ್ನು ಬಹಳ ಕೇಳುತ್ತೇನೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ. ಅದು ಕಾಪಾಡುವುದು ಸ್ವಿಚ್ಚನ್ನು ಮತ್ತು ಕಾರಿನ ಮೂಲ ವೈರಿಂಗನ್ನು. ವೈರಿಗೆ ಬೆಂಕಿ ಹತ್ತದಂತೆ ತಡೆಯುವುದು ಫ್ಯೂಸ್ ಮಾತ್ರ. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಎಳೆದ ವೈರು ಬಾನೆಟ್ ಒಳಗಿನ ತಗಡಿಗೆ ಉಜ್ಜಿ ಶಾರ್ಟ್ ಆದರೆ ನೂರಾರು ಆಂಪ್ ಹರಿಯುತ್ತದೆ. ಆಗ ರಿಲೇ ಆಫ್ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಶಾರ್ಟ್ ಆಗಿರುವುದು ರಿಲೇಗಿಂತ ಮೊದಲೇ. ಅದಕ್ಕೇ ಫ್ಯೂಸನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ 15-20 ಸೆಂಟಿಮೀಟರ್ ಒಳಗೇ ಕೂರಿಸುತ್ತೇನೆ.

ಲೆಕ್ಕ ಸರಳ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಲ್ಯಾಂಪ್ ಅಂದರೆ 110 ವ್ಯಾಟ್; 12 ವೋಲ್ಟ್‌ನಿಂದ ಭಾಗಿಸಿದರೆ 9 ಆಂಪ್ ಚಿಲ್ಲರೆ. ಎಂಜಿನ್ ಓಡುವಾಗ ವೋಲ್ಟೇಜ್ ಏರಿ ಕರೆಂಟೂ ಹೆಚ್ಚುವುದರಿಂದ 10 ಎಂದೇ ಹಿಡಿಯುತ್ತೇನೆ. ಇದಕ್ಕೆ 15 ಆಂಪ್ ಫ್ಯೂಸ್, 2.5 ಚದರ ಮಿಲಿಮೀಟರ್ ತಾಮ್ರದ ವೈರು, 30 ಅಥವಾ 40 ಆಂಪ್‌ನ ರಿಲೇ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು 30 ಆಂಪ್‌ನದನ್ನು ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ. ಹ್ಯಾಲೊಜೆನ್ ಫಿಲಮೆಂಟ್ ತಣ್ಣಗಿರುವಾಗ ಹೊತ್ತಿಸಿದ ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇಗೆ ಅಷ್ಟು ಧಾರಾಳ ಬಿಡುವುದು ಆ ಕಾರಣಕ್ಕೆ. ಮೂರು ಆಂಪ್ ಒಳಗಿನ ಎಲ್ಇಡಿ ಲ್ಯಾಂಪ್ ಆದರೆ ಸರಿಯಾದ ಫ್ಯೂಸ್ ಮತ್ತು ಒಳ್ಳೆಯ ಸ್ವಿಚ್ ಸಾಕು, ರಿಲೇ ಕಡ್ಡಾಯವೇನಲ್ಲ.

ವೈರಿನ ದಪ್ಪದಲ್ಲಿ ಜಿಪುಣತನ ಮಾಡಿದರೆ ಬೆಳಕೇ ಹೋಗುತ್ತದೆ. 1 ಚದರ ಮಿಲಿಮೀಟರ್ ವೈರಿನಲ್ಲಿ 4 ಮೀಟರ್ ದೂರಕ್ಕೆ 10 ಆಂಪ್ ಕಳಿಸಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 2.5ರ ವೈರಿನಲ್ಲಿ ಅದು 0.3ರ ಒಳಗೆ. ಹ್ಯಾಲೊಜೆನ್ ಲ್ಯಾಂಪಿಗೆ ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಬೆಳಕು ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ.

ರಿಲೇಯ ಕಾಲುಗಳ ನಂಬರ್ ಕೆಳಗೇ ಅಚ್ಚಾಗಿರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ವೈರು, 87ರಿಂದ ಲ್ಯಾಂಪಿಗೆ. ರಿಲೇಯನ್ನು ಆನ್ ಮಾಡುವ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್‌ನದು 85 ಮತ್ತು 86: ಸ್ವಿಚ್‌ನಿಂದ ಬರುವ ಪ್ಲಸ್ 86ಕ್ಕೆ, ಅರ್ತ್ (ಬ್ಯಾಟರಿ ಮೈನಸ್‌ಗೆ ಸೇರಿದ ಕಾರಿನ ಲೋಹದ ಮೈ) 85ಕ್ಕೆ. ಕಾಯಿಲ್ ಎಳೆಯುವುದು ಸುಮಾರು 0.15 ಆಂಪ್ ಅಷ್ಟೇ, ಹಾಗಾಗಿ ಈ ಕಡೆಗೆ 0.75ರ ಸಣ್ಣ ವೈರು ಸಾಕು. ಐದು ಕಾಲಿನ ರಿಲೇಯಲ್ಲಿ ನಡುವಿನದು 87ಎ ಆಗಿದ್ದರೆ ಎಚ್ಚರ: ರಿಲೇ ಆಫ್ ಇರುವಾಗ 30ಕ್ಕೆ ಅಂಟಿಕೊಂಡಿರುವ ಪಾಯಿಂಟ್ ಅದು. ಲ್ಯಾಂಪನ್ನು ಅದಕ್ಕೆ ಕೊಟ್ಟರೆ ಸ್ವಿಚ್ ಆಫ್ ಮಾಡಿದಾಗ ಲ್ಯಾಂಪ್ ಹೊತ್ತುತ್ತದೆ. ಕೆಲವು ರಿಲೇಗಳಲ್ಲಿ ಆ ಜಾಗದಲ್ಲಿ ಎರಡನೇ 87 ಇರುತ್ತದೆ, ನೋಡಿಯೇ ಜೋಡಿಸಬೇಕು.

ಕಾಯಿಲ್ ಆಫ್ ಆದಾಗ ಹಿಮ್ಮುಖವಾಗಿ ಚಿಮ್ಮುವ ವೋಲ್ಟೇಜ್ ನೂರು ದಾಟಬಹುದು. ಈಗಿನ ಕಾರುಗಳಲ್ಲಿ ಕಾಯಿಲ್‌ಗೆ ಬರುವ ವೈರಿನ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಇರುವುದರಿಂದ ಒಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಬಳಸುತ್ತೇನೆ. ಅದರಲ್ಲಿ 86 ಪ್ಲಸ್, 85 ಮೈನಸ್ ಎಂಬುದು ತಪ್ಪಲೇಬಾರದು. ತಿರುವು ಮುರುವಾದರೆ ಡಯೋಡ್ ಮೂಲಕ ಶಾರ್ಟ್.

ಸ್ವಿಚ್‌ಗೆ ಪ್ಲಸ್ ಎಲ್ಲಿಂದ ತೆಗೆಯುವುದು ಎಂಬುದೂ ಮುಖ್ಯ. ಯಾವಾಗಲೂ ಕರೆಂಟ್ ಇರುವ ಕಡೆಯಿಂದ ತೆಗೆದು ಸ್ವಿಚ್ ಆಫ್ ಮಾಡಲು ಮರೆತರೆ ಲ್ಯಾಂಪ್‌ಗಳು ರಾತ್ರಿಯಲ್ಲೇ ಬ್ಯಾಟರಿ ಖಾಲಿ ಮಾಡುತ್ತವೆ. ಲ್ಯಾಂಪ್ ಫ್ಯೂಸ್ ಹೋಗಿದ್ದು ಕಾಯಿಲ್ ಒಂದೇ ಎಳೆಯುತ್ತಿದ್ದರೂ ದಿನಕ್ಕೆ 3.6 ಆಂಪ್-ಅವರ್ ಹೋಗುತ್ತದೆ. ಪಾರ್ಕಿಂಗ್ ಲೈಟ್ ಅಥವಾ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಪ್ಲಸ್ ತೆಗೆದುಕೊಂಡು, ಆ ಎಳೆಗೂ 2-3 ಆಂಪ್‌ನ ಚಿಕ್ಕ ಫ್ಯೂಸ್ ಹಾಕುತ್ತೇನೆ. ಕಂಪ್ಯೂಟರ್ ನಿಯಂತ್ರಿಸುವ ಲೈಟಿನ ವೈರಿಗೆ ಕೊಟ್ಟರೆ ರಿಲೇ ಟಿಕಟಿಕ ಎಂದು ಕಂಪಿಸಬಹುದು. ಅಲ್ಲಿ ಬರುವುದು ಕ್ಷಣಕ್ಷಣಕ್ಕೂ ಕಡಿದು ಕಡಿದು ಬರುವ ಕರೆಂಟ್. ರಿಲೇ ಒಳಗಿನ ಪಾಯಿಂಟ್‌ಗಳು ಬೇಗ ಸುಡುತ್ತವೆ. ಇಂಥ ಕಾರಿನಲ್ಲಿ ಇಗ್ನಿಷನ್ ಫ್ಯೂಸ್ ಜಾಗದಿಂದಲೇ ತೆಗೆಯುವುದು ಕ್ಷೇಮ. ಹಾರ್ನ್ ಆದರೆ ಇನ್ನೂ ಸುಲಭ: ಹಳೆಯ ಹಾರ್ನಿನ ಕನೆಕ್ಟರನ್ನೇ ಕಾಯಿಲ್‌ಗೆ ಕೊಟ್ಟರೆ ಆಯಿತು.

ಕೈಕೆಲಸದಲ್ಲಿ ಹೆಚ್ಚು ಕೆಡುವುದು ಜಾಯಿಂಟ್. ಎಳೆಗಳನ್ನು ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಎಂಜಿನ್ ಶಾಖಕ್ಕೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ವೈರನ್ನು 6-7 ಮಿಲಿಮೀಟರ್ ಸುಲಿದು, ಒಂದು ಎಳೆಯೂ ಹೊರಗುಳಿಯದಂತೆ ಲಗ್‌ಗೆ (ವೈರಿನ ತುದಿಗೆ ಹಾಕುವ ಲೋಹದ ಕನೆಕ್ಟರ್) ತೂರಿಸಿ, ಕ್ರಿಂಪಿಂಗ್ ಇಕ್ಕಳದಲ್ಲಿ ಎರಡು ಕಡೆ ಒತ್ತುತ್ತೇನೆ: ಒಂದು ತಾಮ್ರದ ಮೇಲೆ, ಇನ್ನೊಂದು ಇನ್ಸುಲೇಷನ್ ಮೇಲೆ. ಆಮೇಲೆ ಬಲವಾಗಿ ಜಗ್ಗಿ ನೋಡುತ್ತೇನೆ. ಜಾರಿದರೆ ಕತ್ತರಿಸಿ ಹೊಸದು. ಅದರ ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಗೆ ಅಂಟು ಇರುವ ಕೊಳವೆ. ಬರೀ ಬೆಸುಗೆ ನನಗೆ ಒಪ್ಪಿಗೆಯಿಲ್ಲ, ಸೀಸ ಏರಿದ ಜಾಗ ಗಡುಸಾಗಿ ಅದುರಾಟಕ್ಕೆ ಅದರ ಅಂಚಿನಲ್ಲೇ ವೈರು ಮುರಿಯುತ್ತದೆ. ಅರ್ತ್ ಬಿಗಿಯುವ ಜಾಗದ ಪೇಂಟ್ ಕೆರೆದು ಹೊಳೆಯುವ ಲೋಹ ಕಂಡ ಮೇಲೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಲ್ಯಾಂಪ್ ಮಂದವಾಗಿದ್ದರೆ ನಾನು ಮೊದಲು ನೋಡುವುದು ಈ ಜಾಗವನ್ನೇ.

ಇದೆಲ್ಲ ಬ್ಯಾಟರಿಯ ಮೈನಸ್ ಕಳಚಿದ ಮೇಲೆ. ರಿಲೇಯ ಕಾಲುಗಳು ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಸಾಕೆಟ್‌ನಲ್ಲಿ ನೀರು ನಿಂತು ಹಸಿರುಗಟ್ಟುತ್ತದೆ. ತಗಡು ದಾಟುವಲ್ಲಿ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ), ಉಳಿದ ಕಡೆ ಸುಕ್ಕು ಪೈಪ್. ಸೈಲೆನ್ಸರ್, ಫ್ಯಾನ್, ಸ್ಟೀರಿಂಗ್ ಕಂಬ ಮತ್ತು ಪೆಡಲ್‌ಗಳಿಂದ ದೂರ. ಏರ್‌ಬ್ಯಾಗ್‌ಗೆ ಹೋಗುವ ಹಳದಿ ವೈರುಗಳನ್ನು ಮುಟ್ಟುವುದೇ ಇಲ್ಲ.

ಕೊನೆಗೆ ಎಂಜಿನ್ ಚಾಲೂ ಮಾಡಿ ಲ್ಯಾಂಪ್ ಹೊತ್ತಿಸಿ ಮಲ್ಟಿಮೀಟರ್ ಹಿಡಿಯುತ್ತೇನೆ. ರಿಲೇಯ 30 ಮತ್ತು 87ರ ನಡುವೆ 0.1 ವೋಲ್ಟ್‌ಗಿಂತ ಕಡಿಮೆ, ಬ್ಯಾಟರಿ ಪ್ಲಸ್‌ನಿಂದ ಲ್ಯಾಂಪಿನ ಪ್ಲಸ್‌ವರೆಗೆ 0.5ರ ಒಳಗೆ, ಲ್ಯಾಂಪಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ವರೆಗೆ 0.1ರ ಆಸುಪಾಸು ಇರಬೇಕು. ಹದಿನೈದು ನಿಮಿಷ ಉರಿಸಿದ ಮೇಲೆ ಫ್ಯೂಸ್ ಹೋಲ್ಡರ್, ಸಾಕೆಟ್, ಪ್ರತಿ ಜಾಯಿಂಟ್ ಮುಟ್ಟಿ ನೋಡುತ್ತೇನೆ. ರಿಲೇ ಮೈ ಸ್ವಲ್ಪ ಬೆಚ್ಚಗಿರುವುದು ಸಹಜ, ಅದು ಕಾಯಿಲ್‌ನ ಶಾಖ. ಸಾಕೆಟ್‌ನ ಒಂದೇ ಕಾಲಿನ ಬಳಿ ಬಿಸಿ ಇದ್ದರೆ ಅಲ್ಲಿನ ಲಗ್ ಸಡಿಲ. ಆ ಲಗ್ ಬದಲಿಸಿ, ಎರಡು ವಾರ ಓಡಿಸಿ ಮತ್ತೊಮ್ಮೆ ಅಳೆಯುತ್ತೇನೆ.